ಅಪ್ಪ ಕಟ್ಟಿದ ಬಾಕ್ಸು

"ಅಜ್ಜಿ, ಕಾಲು ಇನ್ನೂ ಸ್ವಲ್ಪ ಈ ಕಡೆ ಇಳಿಬಿಡು. ಮನೆ ಕಾಣಿಸ್ತಿದೆ."

ಅಜ್ಜಿ ಮಂಚದ ಮೇಲೆ ಕೂತು ಕಾವಲು ಕಾಯುತ್ತಿದ್ದಳು. ಮಂಚದ ಕೆಳಗೆ ಜೀರುಂಡೆ ಮಾಡಿದ ರಟ್ಟಿನ ಮನೆ ಅಡಗಿತ್ತು. ಜೀರುಂಡೆ ಅಂದರೆ ಹುಳ ಅಲ್ಲ, ಐದನೇ ಕ್ಲಾಸಿನ ಹುಡುಗಿ. ಎದ್ದಾಗಿನಿಂದ ಮಲಗುವವರೆಗೆ ಬಾಯಿ ಮುಚ್ಚುವುದಿಲ್ಲ ಎಂದು ಅಜ್ಜಿಯೇ ಇಟ್ಟ ಹೆಸರು. ಸೋಮವಾರ ಸ್ಕೂಲಿನಲ್ಲಿ ಪ್ರದರ್ಶನ. ಅಲ್ಲಿಯವರೆಗೆ ಆ ಮನೆ ಅಪ್ಪನ ಕಣ್ಣಿಗೆ ಬೀಳಬಾರದು.

ಅಪ್ಪ ಕೆಟ್ಟವನೇನಲ್ಲ. ಅವನಿಗೆ "ಇನ್ನೊಂದ್ಸಲ ನೋಡಿಬಿಡೋಣ" ಅನ್ನುವ ಹೊಸ ಕಾಯಿಲೆ ಅಂಟಿಕೊಂಡಿತ್ತು, ಅಷ್ಟೆ. ಅವಳು ಜೋಡಿಸಿದ ಬ್ಯಾಗನ್ನು ಖಾಲಿ ಮಾಡಿ ಮತ್ತೆ ಜೋಡಿಸುತ್ತಿದ್ದ. ಕಟ್ಟಿದ ಶೂ ಲೇಸನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದ. ಹೋದ ಸಲ ಅವಳ ರಟ್ಟಿನ ಹಡಗನ್ನು ನೋಡಲು ಹೋಗಿ, ಇಡೀ ಹಡಗನ್ನೇ ಹೊಸದಾಗಿ ಕಟ್ಟಿದ್ದ. ಟೀಚರ್ ಅದನ್ನು ತಿರುಗಿಸಿ ನೋಡಿ, ನಿಮ್ಮಪ್ಪನಿಗೆ ಎಷ್ಟು ಮಾರ್ಕ್ಸ್ ಕೊಡಲಿ ಎಂದು ಕೇಳಿದ್ದರು. ಕ್ಲಾಸೆಲ್ಲ ಗೊಳ್ಳೆಂದಿತ್ತು. ಅವತ್ತು ಸಂಜೆವರೆಗೂ ಜೀರುಂಡೆ ತುಟಿ ಬಿಚ್ಚಿರಲಿಲ್ಲ.

"ಎರಡು ತಿಂಗಳ ಹಿಂದೆ ಹೀಗಿರಲಿಲ್ಲ ನನ್ನ ಮಗ," ಎಂದು ಅಜ್ಜಿ ಗೊಣಗಿದಳು. "ಇನ್ನು ನನ್ನ ಹಲ್ಲಿನ ಸೆಟ್ಟನ್ನೂ ತೆಗೆದು ಎಣಿಸ್ತಾನೆ, ನೋಡ್ತಿರು."

ಶನಿವಾರ ಅಪ್ಪ ಕನ್ನಡಕ ಮರೆತು ಕೆಲಸಕ್ಕೆ ಹೋದ. ಜೀರುಂಡೆ ಅದನ್ನು ಕೊಡಲು ಹೋದಳು. ಗಾಜಿನ ದೀಪಗಳ ಅಂಗಡಿಯ ಹಿಂದಿನ ಕೋಣೆಯಲ್ಲಿ ಅಪ್ಪನಿಗೆ ಪ್ಯಾಕಿಂಗ್ ಕೆಲಸ. ಅವಳು ಬಾಗಿಲಲ್ಲೇ ನಿಂತು ನೋಡಿದಳು. ಅಪ್ಪ ಒಂದು ದೀಪವನ್ನು ಕಾಗದದಲ್ಲಿ ಸುತ್ತಿ, ಬಾಕ್ಸಿನಲ್ಲಿ ಕೂರಿಸಿ, ಸುತ್ತ ಕಾಗದ ತುರುಕಿ, ಟೇಪು ಹಚ್ಚಿದ. ಎಷ್ಟು ಚೆನ್ನಾಗಿ ಮಾಡುತ್ತಾನೆ ಎಂದು ಅವಳಿಗೆ ಹೆಮ್ಮೆಯಾಯಿತು.

ಅಷ್ಟರಲ್ಲಿ ಇಸ್ತ್ರಿ ಶರ್ಟಿನ ಒಬ್ಬರು ಬಂದರು.

"ಇನ್ನೊಂದ್ಸಲ ನೋಡಿಬಿಡೋಣ, ಅಲ್ವಾ?" ಎಂದು ನಗುನಗುತ್ತಲೇ ಟೇಪು ಕುಯ್ದರು. ಕಾಗದ ಎಲ್ಲ ಹೊರಗೆ ಬಂತು. ದೀಪ ನೆಟ್ಟಗೇ ಇತ್ತು. ಅವರು ಅದನ್ನೇ ಮತ್ತೆ ತುಂಬಿ, ಸೊಟ್ಟಗೆ ಟೇಪು ಹಚ್ಚಿ, ಪಕ್ಕದ ಮೇಜಿಗೆ ಹೋದರು.

ಅಪ್ಪನ ಕೈಗಳು ಎಲ್ಲಿರಬೇಕೆಂದು ಗೊತ್ತಾಗದೆ ಸುಮ್ಮನೆ ಜೋತುಬಿದ್ದಿದ್ದವು. ಹಡಗನ್ನು ಅಪ್ಪ ಬಿಚ್ಚುತ್ತಿದ್ದಾಗ ತನ್ನ ಕೈಗಳೂ ಹೀಗೇ ಇದ್ದವಲ್ಲ ಎಂದು ಜೀರುಂಡೆಗೆ ನೆನಪಾಯಿತು. ಅವಳಿಗೆ ಅಳು ಬಂದಹಾಗಾಯಿತು.

ಕನ್ನಡಕ ತೆಗೆದುಕೊಳ್ಳುತ್ತಾ ಅಪ್ಪ ಮೆಲ್ಲಗೆ ಹೇಳಿದ. ಅವರು ಹೊಸ ಮ್ಯಾನೇಜರಂತೆ. ಬಂದು ಎರಡು ತಿಂಗಳಾಯಿತಂತೆ. ಎಲ್ಲರ ಬಾಕ್ಸನ್ನೂ ಬಿಚ್ಚಿ ನೋಡುತ್ತಾರಂತೆ.

ಭಾನುವಾರ ಸಂಜೆ ಜೀರುಂಡೆ ತಾನೇ ಮನೆಯನ್ನು ಮಂಚದಡಿಯಿಂದ ಎಳೆದಳು. ಅಜ್ಜಿ ಬೇಡ ಬೇಡ ಎಂದು ಕಣ್ಣಲ್ಲೇ ಹೇಳಿದ್ದು ವ್ಯರ್ಥವಾಯಿತು.

"ಅಪ್ಪ, ಇದು ಬಸ್ಸಲ್ಲಿ ಜಜ್ಜಿ ಹೋಗಬಾರದು. ನೀನೇ ಪ್ಯಾಕ್ ಮಾಡ್ಕೊಡು."

ಅಪ್ಪ ಮನೆಯನ್ನು ಸುತ್ತ ತಿರುಗಿಸಿ ನೋಡಿದ. ಅದರ ಹೊಗೆಗೂಡು ಒಂದು ಕಡೆ ವಾಲಿತ್ತು. ಅವನ ಬೆರಳು ತಾನಾಗಿಯೇ ಅಲ್ಲಿಗೆ ಹೋಯಿತು.

"ಇದೊಂದು..."

"ಅದು ಹಾಗೇ ಇರ್ಲಿ ಅಪ್ಪ. ನಾನೇ ಅಂಟಿಸಿದ್ದು."

ಬೆರಳು ಒಂದು ಕ್ಷಣ ಅಲ್ಲೇ ನಿಂತಿತು. ಆಮೇಲೆ ಅಪ್ಪ ಎದ್ದು ಕಾಗದ ತಂದ. ವಾಲಿದ ಹೊಗೆಗೂಡಿಗೆ ವಾಲಿದ ಹಾಗೇ ಕಾಗದ ಸುತ್ತಿದ. ಬಾಕ್ಸಿಗೆ ಟೇಪು ಹಚ್ಚಿದ. ಕೊನೆಗೆ ಕತ್ತರಿಯನ್ನು ಅವಳ ಕೈಗೆ ಕೊಟ್ಟ.

"ಬಿಚ್ಚಿ ಒಂದ್ಸಲ ನೋಡ್ಕೋ, ಸರಿಯಾಗಿದೆಯಾ ಅಂತ."

ಜೀರುಂಡೆ ಕತ್ತರಿಯನ್ನು ಒಯ್ದು ಡ್ರಾಯರಿನಲ್ಲಿಟ್ಟಳು.

"ನೀನು ಕಟ್ಟಿದ್ದು ತಾನೇ? ನೋಡೋದೇನಿದೆ?"

ಅಪ್ಪ ಉಳಿದ ಕಾಗದವನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. ಅಜ್ಜಿ ಏನೋ ಕಿಚಾಯಿಸಲು ಬಾಯಿ ತೆರೆದಳು. ಜೀರುಂಡೆ ಬೇಡ ಎಂದು ತಲೆಯಾಡಿಸಿದಳು. ತಾನು ಹೇಳಿದ ಆ ಮಾತು ಇನ್ನೂ ಸ್ವಲ್ಪ ಹೊತ್ತು ಅಪ್ಪನ ಹತ್ತಿರವೇ ಇರಲಿ ಅನಿಸಿತು ಅವಳಿಗೆ.