ಮುಟ್ಟಿತು ಎಂಬ ಮಾರುತ್ತರ

ಸೋಮವಾರ ಬೆಳಿಗ್ಗೆ ಠಾಣೆಯ ಕಸ ಗುಡಿಸಿ ಮುಗಿಯುವ ಮೊದಲೇ ದೂರು ಬಂತು. ತಂದವರು ಊರಾಚೆಯ ಕಾರ್ಖಾನೆಯ ಮಾಲೀಕರು, ಆಸ್ಪತ್ರೆಗಳಿಗೆ ಸಲೈನ್ ಬಾಟಲಿ ತಯಾರಿಸಿ ಕೊಡುವವರು. ಕುರ್ಚಿಯಲ್ಲಿ ಕೂರುವ ಮೊದಲೇ ಆರೋಪಿ ಯಾರೆಂದೂ ಹೇಳಿಬಿಟ್ಟರು. ಆಸ್ಪತ್ರೆಗಳ ಆರ್ಡರುಗಳನ್ನೆಲ್ಲ ತಮ್ಮ ಕಂಪ್ಯೂಟರ್ ವಿಭಾಗದ ಮುಖ್ಯಸ್ಥನೇ ನುಂಗಿಹಾಕಿದ್ದಾನೆ, ಹೊತ್ತು ಮುಳುಗುವುದರೊಳಗೆ ಅವನನ್ನು ಒಳಗೆ ಹಾಕಬೇಕು ಎಂಬುದು ಅವರ ಮಾತಿನ ಸಾರ.

ಅದರಿಂದ ಆದ ಅನಾಹುತ ಸಣ್ಣದಲ್ಲ. ಶನಿವಾರ ದೊಡ್ಡಾಸ್ಪತ್ರೆಯಲ್ಲಿ ಸಲೈನ್ ಮುಗಿದುಹೋಗಿ, ಆಪರೇಷನ್ನಿಗೆಂದು ಮಲಗಿಸಿದ್ದ ಹೆಂಗಸೊಬ್ಬಳನ್ನು ಆಂಬುಲೆನ್ಸಿನಲ್ಲಿ ಬೇರೆ ಊರಿಗೆ ಸಾಗಿಸಬೇಕಾಯಿತು. ದಾರಿಯಲ್ಲೇ ಎಚ್ಚರ ತಪ್ಪಿದ ಅವಳಿಗೆ ಇನ್ನೂ ಪ್ರಜ್ಞೆ ಬಂದಿರಲಿಲ್ಲ.

ಎಫ್‌ಐಆರ್ ಬರೆಯುವ ಮುನ್ನ ಒಂದು ಗಳಿಗೆ ಕಣ್ಣು ಮುಚ್ಚುವುದು ಇನ್ಸ್‌ಪೆಕ್ಟರರ ರೂಢಿ. ಆ ಹಾಳೆಗೆ ಒಂದು ಹೆಸರು ಹತ್ತಿತೆಂದರೆ, ಮುಂದೆ ಬಿಡುಗಡೆಯಾದರೂ ಊರಿನ ಬಾಯಿಂದ ಅದು ಬಿಡುಗಡೆಯಾಗುವುದಿಲ್ಲ ಎಂಬುದನ್ನು ಅವರು ಬಹಳ ಸಲ ಕಂಡಿದ್ದರು. ಕಣ್ಣು ತೆರೆದು, ಆರೋಪಿಯ ಕಲಮಿನಲ್ಲಿ ‘ಗೊತ್ತಿಲ್ಲ’ ಎಂದು ಬರೆದರು. ಮಾಲೀಕರ ಮುಖ ಸಪ್ಪಗಾಯಿತು.

ಹನ್ನೊಂದೂವರೆಗೆ ಕಾರ್ಖಾನೆಯಲ್ಲಿ ಪಂಚನಾಮೆ ಶುರುವಾಯಿತು. ಜೊತೆಗೆ ಬಂದವಳು ಮಹಿಳಾ ಕಾನ್‌ಸ್ಟೇಬಲ್. ಬಾಯಿಗೆ ಬೀಗವೇ ಇಲ್ಲದ ಅವಳನ್ನು ಠಾಣೆಯವರೆಲ್ಲ ‘ಮೌನಿ’ ಎಂದು ಕರೆಯುತ್ತಿದ್ದರು. ಕಂಪ್ಯೂಟರ್ ಕೋಣೆ ಚಳಿಗಾಲದ ಬೆಳಗಿನ ಹಾಗೆ ತಣ್ಣಗಿತ್ತು. ಕುರ್ಚಿಗಳ ಬೆನ್ನಿಗೆ ಸ್ವೆಟರು, ಮೇಜುಗಳ ಮೇಲೆ ಚಹಾ ಲೋಟದ ಕಂದು ಉಂಗುರ. ಮುಖ್ಯಸ್ಥ ಬೆವರುತ್ತ ಮೂಲೆಯಲ್ಲಿ ಕೂತಿದ್ದ. ಕೆಲಸ ನಡೆಯುವ ಬಗೆಯನ್ನು ವಿವರಿಸಿದವಳು ಅವನ ಸಹಾಯಕಿ, ಮೂವತ್ತರ ಆಸುಪಾಸಿನ, ಮಾತು ತೂಕ ಮಾಡಿ ಆಡುವ ಹೆಣ್ಣುಮಗಳು.

ಆಸ್ಪತ್ರೆಯ ಕಂಪ್ಯೂಟರು ಕಾರ್ಖಾನೆಯ ಕಂಪ್ಯೂಟರಿಗೆ ನೇರವಾಗಿ ಆರ್ಡರ್ ಕಳಿಸುತ್ತದೆ. ನಡುವೆ ಮನುಷ್ಯರ ಕೈಯಿಲ್ಲ. ಬಂದ ಆರ್ಡರನ್ನು ಒಂದು ಸಾಫ್ಟ್‌ವೇರ್ ತಮ್ಮ ಲೆಕ್ಕದ ಭಾಷೆಗೆ ತಿರುಗಿಸಿ ಗೋಡೌನಿಗೆ ದಾಟಿಸುತ್ತದೆ. ಹೊಸ ಆಸ್ಪತ್ರೆಯನ್ನು ಜೋಡಿಸುವಾಗ ಮೊದಲು ಸುಳ್ಳು ಆರ್ಡರುಗಳನ್ನು ಹರಿಸಿ ನೋಡುತ್ತಾರೆ. ಆಗ ಆ ಆಸ್ಪತ್ರೆಯ ಮುಂದೆ ‘ಪರೀಕ್ಷೆ’ ಎಂಬ ಗುರುತು ಇರುತ್ತದೆ. ಕೆಲಸ ಸರಿಹೋದ ಮೇಲೆ ಗುರುತನ್ನು ‘ನಿಜ’ಕ್ಕೆ ತಿರುಗಿಸಬೇಕು. ಹೋದ ವಾರ ಯಾರೋ ಮುಖ್ಯಸ್ಥನ ಪಾಸ್‌ವರ್ಡಿನಿಂದ ಒಳಹೊಕ್ಕು, ಆಸ್ಪತ್ರೆಗಳ ಗುರುತುಗಳನ್ನು ಮತ್ತೆ ‘ಪರೀಕ್ಷೆ’ಗೆ ತಿರುಗಿಸಿದ್ದರು. ಬಂದ ಆರ್ಡರೆಲ್ಲ ಆಟದ ಆರ್ಡರಾಗಿ ಮೂಲೆ ಸೇರಿತ್ತು.

“ಮತ್ತೆ ಆಸ್ಪತ್ರೆಯವರಿಗೆ ಗೊತ್ತಾಗಲಿಲ್ವಾ?” ಎಂದರು ಇನ್ಸ್‌ಪೆಕ್ಟರ್.

“ಪರೀಕ್ಷೆ ಇದ್ರೂ ‘ಮುಟ್ಟಿತು’ ಅಂತ ಮಾರುತ್ತರ ಹೋಗುತ್ತೆ ಸಾರ್. ಮುಟ್ಟಿತು ಅಂದ್ರೆ ಮಾಲು ಬಂದೇ ಬರುತ್ತೆ ಅಂದ್ಕೋತಾರೆ. ಮುಟ್ಟೋದು ಬೇರೆ, ಮಾಡೋದು ಬೇರೆ.”

“ನಮ್ಮನೆಯವರೂ ಹಂಗೇ ಸಾರ್,” ಎಂದಳು ಮೌನಿ. “ಹೇಳಿದ್ದಕ್ಕೆಲ್ಲ ಹೂಂ ಅಂತಾರೆ. ಕೆಲಸ ಮಾತ್ರ ಅಲ್ಲೇ ಬಿದ್ದಿರುತ್ತೆ.”

ಪಂಚರು ನಕ್ಕರು. ಸಹಾಯಕಿ ನಗಲಿಲ್ಲ.

ಪಾಸ್‌ವರ್ಡ್ ಯಾರಿಗೆ ಗೊತ್ತು ಎಂದು ವಿಚಾರಿಸಿದರೆ, ವಿಭಾಗದ ಎಲ್ಲರಿಗೂ ಗೊತ್ತಿತ್ತು. ಪ್ರತಿಸಲ ಎದ್ದು ಬರಲು ಸೋಮಾರಿತನವಾಗಿ ಮುಖ್ಯಸ್ಥ ಕೂತಲ್ಲಿಂದಲೇ ಕೂಗಿ ಹೇಳುತ್ತಿದ್ದನಂತೆ.

ಗೋಡೌನಿನ ಮುಂದೆ ಮುದಿ ವ್ಯಾನ್ ಚಾಲಕನೊಬ್ಬ ಬೀಡಿ ಸೇದುತ್ತಿದ್ದ. ವಾರವೆಲ್ಲ ಗಾಡಿ ನಿಂತೇ ಇತ್ತೇ ಎಂದು ಇನ್ಸ್‌ಪೆಕ್ಟರ್ ಕೇಳಿದರು. ಎಲ್ಲ ನಿಂತಿತ್ತು, ಹಸುಗೂಸುಗಳ ಆಸ್ಪತ್ರೆಯ ಲೋಡೊಂದು ಮಾತ್ರ ಎಂದಿನಂತೆ ಹೋಯಿತು ಎಂದ. ಇನ್ಸ್‌ಪೆಕ್ಟರ್ ಅಲ್ಲೇ ನಿಂತುಬಿಟ್ಟರು. ಎಲ್ಲ ಗುರುತುಗಳನ್ನೂ ತಿರುಗಿಸಿದ ಕೈ ಅದೊಂದನ್ನು ಮುಟ್ಟಿಲ್ಲ. ಹಗೆ ತುಂಬಿದ ಎದೆಯಲ್ಲೂ ದೇವರು ಒಂದಿಷ್ಟು ಜಾಗ ಬಿಡಿಸಿಕೊಂಡಿದ್ದಾನೆ ಎಂದುಕೊಂಡರು.

“ಹೋದ ಸಲಾನೂ ಹಿಂಗೇ ಆಗಿತ್ತು ಸಾಹೇಬ್ರೇ,” ಎಂದ ಚಾಲಕ, ಕೇಳದೆಯೇ. “ಈ ಕಂಪ್ಯೂಟ್ರು ಜೋಡಿಸಿದ ಹೊಸದ್ರಲ್ಲಿ. ಆವಾಗ ಗೋಡೌನ್ ಮೇಲ್ವಿಚಾರಕರ ತಲೆಗೆ ಕಟ್ಟಿದ್ರು. ಆರ್ಡರ್ ಬಂದಿತ್ತು, ನೀನೇ ಮರೆತು ಮಲಗಿದ್ದೆ ಅಂತ ಕೆಲಸದಿಂದ ತೆಗೆದ್ರು. ಪೆಟ್ಟಿಗೆ ಪೆಟ್ಟಿಗೆಗೂ ಕೈ ಇಟ್ಟು ನೋಡಿ ಗಾಡಿ ಹತ್ತಿಸ್ತಿದ್ದ ಮನುಷ್ಯ.”

ಇನ್ಸ್‌ಪೆಕ್ಟರ್ ಪಂಚರನ್ನು ಕರೆದುಕೊಂಡು ಮತ್ತೆ ಮುಖ್ಯಸ್ಥನ ಎದುರು ಕೂತರು.

“ಹೋದ ಸಲ ಆ ಗುರುತು ಎಲ್ಲಿತ್ತು?”

“ಯಾವ ಗುರುತು?”

“ನಿಜಕ್ಕೋ, ಪರೀಕ್ಷೆಗೋ?”

ಮುಖ್ಯಸ್ಥ ಮೇಜಿನ ಮೇಲಿನ ಚಹಾದ ಉಂಗುರವನ್ನು ಬೆರಳಿನಿಂದ ಉಜ್ಜತೊಡಗಿದ.

“ನೋಡಿ, ಬದಲಾಗಿರೋದು ನಿಮ್ಮ ಪಾಸ್‌ವರ್ಡಿಂದ. ನೀವು ಹೀಗೇ ಸುಮ್ಮನಿದ್ರೆ ಸಂಜೆಗೆ ನಾನು ನಿಮ್ಮನ್ನೇ ಕರ್ಕೊಂಡು ಹೋಗಬೇಕಾಗುತ್ತೆ. ಇಲ್ಲ ಅಂದ್ರೆ, ಈ ದಾರಿ ಇನ್ಯಾರಿಗೆ ಗೊತ್ತಿತ್ತು ಅಂತ ಹೇಳಿ.”

ಅವನ ಕೊರಳಿಗೆ ಬಿದ್ದಿದ್ದ ಬೀಗದ ಕೈ ಅವನ ಬಾಯೊಳಗೇ ಇತ್ತು. ಅದನ್ನು ಉಗುಳಬೇಕಾದರೆ ಹಳೆಯ ಸುಳ್ಳನ್ನೂ ಉಗುಳಬೇಕಿತ್ತು. ಕೊನೆಗೆ ಉಗುಳಿದ. ಜೋಡಣೆ ಮುಗಿದ ದಿನ ಗುರುತು ತಿರುಗಿಸಲು ನಾನೇ ಮರೆತಿದ್ದೆ. ಆರ್ಡರ್ ಮುಟ್ಟಿತ್ತೆಂದು ಮಾಲೀಕರಿಗೆ ಮಾರುತ್ತರ ತೋರಿಸಿ, ತಪ್ಪನ್ನು ಗೋಡೌನಿನ ಕಡೆ ತಳ್ಳಿದೆ. ಆಮೇಲೆ ಯಾರಿಗೂ ಕಾಣದಂತೆ ಸರಿಪಡಿಸಿದೆ. ಬಾಗಿಲ ಬಳಿ ನಿಂತಿದ್ದ ಮಾಲೀಕರು ಗೋಡೆ ಹಿಡಿದುಕೊಂಡರು.

“ಇದನ್ನ ಯಾರ ಹತ್ರ ಹೇಳಿದ್ದೀರಿ?”

“ಒಬ್ಬರ ಹತ್ರ. ಚಹಾ ಕುಡೀವಾಗ, ತಮಾಷೆಗೆ. ಹೊಸಬರು, ಈ ಗುರುತು ಮರೀಬಾರದು ಅಂತ ಪಾಠ ಹೇಳಿದೆ. ನನ್ನ ಸಹಾಯಕಿ.”

ಅವಳ ಕುರ್ಚಿ ಖಾಲಿಯಿತ್ತು. ಊಟದ ಬಿಡುವಿಗೆ ಮನೆಗೆ ಹೋದವಳು ಮರಳಿರಲಿಲ್ಲ. ಮುಖ್ಯಸ್ಥನ ಹೇಳಿಕೆಯನ್ನು ಬರೆಸಿ ಸಹಿ ಹಾಕಿಸಿಕೊಂಡು, ಬಿಸಿಲು ಇಳಿಯುವ ಮೊದಲೇ ಇನ್ಸ್‌ಪೆಕ್ಟರ್ ಮತ್ತು ಮೌನಿ ಅವಳ ವಿಳಾಸಕ್ಕೆ ಹೊರಟರು.

ಎರಡು ಕೋಣೆಯ ಮನೆ. ಬಾಗಿಲು ತೆರೆದೇ ಇತ್ತು. ಬಟ್ಟೆ ಬದಲಿಸಿ, ತಲೆ ಬಾಚಿ, ಕಾಯುತ್ತಿದ್ದವಳಂತೆ ಅವಳು ಹೊಸ್ತಿಲ ಒಳಗೆ ನಿಂತಿದ್ದಳು. ಹಿಂದೆ ಕಿಟಕಿಯ ಪಕ್ಕ ನೆರೆಗೂದಲಿನ ಗಂಡಸೊಬ್ಬ ಗೋಡೆ ನೋಡುತ್ತ ಕೂತಿದ್ದ.

“ಒಪ್ಕೊಂಡನಾ?” ಎಂದಳು.

“ಒಪ್ಕೊಂಡ.”

“ಎಲ್ಲರ ಎದುರಿಗಾ?”

“ಪಂಚರ ಎದುರಿಗೆ. ಮಾಲೀಕರೂ ಇದ್ದರು. ಸಹಿ ಹಾಕಿದ್ದಾನೆ.”

ಅವಳು ನಿರಾಳವಾಗಿ ಉಸಿರು ಬಿಟ್ಟಳು. “ಅವನ ಮೇಲೆ ನಾನೊಂದು ಸುಳ್ಳೂ ಹೊರಿಸಲಿಲ್ಲ ಸಾರ್. ಅವನು ಮಾಡಿದ್ದನ್ನೇ ಮತ್ತೊಂದು ಸಲ ಮಾಡಿದೆ, ಅಷ್ಟೇ. ಗೋಡೌನಿನ ಮೇಲ್ವಿಚಾರಕನಾಗಿದ್ದ ನಮ್ಮಣ್ಣ ನಿಂತ ಜಾಗದಲ್ಲಿ ಅವನೂ ಒಂದು ದಿನ ನಿಲ್ಲಲಿ ಅಂತ. ಕೆಲಸ ಹೋಗಿದ್ದಕ್ಕಲ್ಲ. ಎಲ್ಲರೂ ಹೇಳಿ ಹೇಳಿ ಅಣ್ಣನೂ ಅದನ್ನ ನಂಬಿಬಿಟ್ಟ. ತಾನೇ ಮರೆತೆ, ತಾನೇ ಮಲಗಿದ್ದೆ ಅಂತ. ಈಗ ಉಪ್ಪು ತಗೊಂಡು ಬಾ ಅಂದ್ರೂ ಅವನಿಗೆ ಎರಡು ಸಲ ಹೇಳಬೇಕು. ತನ್ನ ಕಿವಿ ಮೇಲೆ ತನಗೇ ನಂಬಿಕೆಯಿಲ್ಲ.”

“ಆಸ್ಪತ್ರೆಯ ಆ ಹೆಂಗಸು ಕಣ್ಣು ಬಿಟ್ಟಿದ್ದಾಳಮ್ಮ,” ಎಂದರು ಇನ್ಸ್‌ಪೆಕ್ಟರ್. “ಮಾತು ಇನ್ನೂ ಬಂದಿಲ್ಲ.”

ಅವಳ ಮುಖದ ಗಟ್ಟಿತನ ಕರಗಿತು. “ಅದು ನನ್ನ ಲೆಕ್ಕಕ್ಕೇ ಬರ್ಕೊಳ್ಳಿ,” ಎಂದು ಮೆಲ್ಲಗೆ ಹೇಳಿ, ಮೌನಿಯ ಕಡೆಗೆ ತಾನೇ ಸರಿದು ನಿಂತಳು. ಮೌನಿ ಆ ಹೊತ್ತು ಒಂದು ಮಾತೂ ಆಡಲಿಲ್ಲ. ಬಂಧನದ ಸಮಯ ಐದು ಗಂಟೆ ಎಂದು ಬರೆದುಕೊಂಡಳು, ಅಷ್ಟೇ.

“ಹೊರಡೋ ಮುಂಚೆ ಒಂದು ಉಪಕಾರ ಮಾಡಿ ಸಾರ್. ಅವನ ಹೇಳಿಕೆಯನ್ನ ಅಣ್ಣನಿಗೆ ಓದಿ ಹೇಳಿ. ನಾನು ಹೇಳಿದ್ರೆ ನಂಬಲ್ಲ, ತಂಗಿ ಅಲ್ವಾ.”

ಇನ್ಸ್‌ಪೆಕ್ಟರ್ ಬೂಟು ಬಿಚ್ಚಿಟ್ಟು ಒಳಗೆ ಹೋದರು. ಕಿಟಕಿಯ ಪಕ್ಕದಲ್ಲಿ ನೆಲದ ಮೇಲೆಯೇ ಕೂತು, ದೇವರ ಮುಂದೆ ಓದುವವರ ಹಾಗೆ, ಅಕ್ಷರ ಬಿಡದೆ ಓದಿದರು. ಗುರುತು ತಿರುಗಿಸಲು ನಾನು ಮರೆತೆ. ಗೋಡೌನಿಗೆ ಆ ಆರ್ಡರ್ ಬಂದೇ ಇರಲಿಲ್ಲ. ಮೇಲ್ವಿಚಾರಕನ ತಪ್ಪು ಏನೂ ಇಲ್ಲ.

ಅಣ್ಣ ಗೋಡೆಯಿಂದ ಕಣ್ಣು ಕಿತ್ತು ಅವರ ಬಾಯನ್ನೇ ನೋಡಿದ.

“ಇನ್ನೊಂದ್ ಸಲ ಓದಿ,” ಎಂದ.

ಇನ್ಸ್‌ಪೆಕ್ಟರ್ ಕನ್ನಡಕ ಒರೆಸಿಕೊಂಡು, ಮೊದಲ ಸಾಲಿನಿಂದ ಮತ್ತೆ ಶುರುಮಾಡಿದರು.