ಹಸಿ ಕಟ್ಟೆ

ಅಂಕೋಲಾ ಠಾಣೆಗೆ ದೂರು ತರುವವರು ಸಾಮಾನ್ಯವಾಗಿ ಏದುಸಿರು ಬಿಡುತ್ತ ಬರುತ್ತಾರೆ. ಮೇ ಇಪ್ಪತ್ತಾರು, ಸೋಮವಾರ ಬೆಳಿಗ್ಗೆ ಬಂದವರಿಗೆ ಅಂಥ ಅವಸರವೇನೂ ಇರಲಿಲ್ಲ. ಅವರು ನ್ಯಾಯಾಲಯದ ಶಿರಸ್ತೇದಾರರು. ಕೈಯಲ್ಲಿ ನ್ಯಾಯಾಧೀಶರ ಆದೇಶವಿತ್ತು.

ಪಿಎಸ್‌ಐ ಸುಗಂಧಾ ಅದನ್ನು ಓದಿದರು. ಮಂಜಗುಣಿಯ ಯೋಗೇಶ ಮಾದು ಗೌಡ, ಇಪ್ಪತ್ತೇಳು ವರ್ಷ, ಸಿಗಡಿ ಹೊಂಡದ ಕಾವಲುಗಾರನ ಕೈ ಮುರಿದ ಪ್ರಕರಣದ ಆರೋಪಿ. ಜಾಮೀನಿನ ಮೇಲೆ ಹೊರಗಿದ್ದವನು ಎರಡು ಸಲ ವಿಚಾರಣೆಗೆ ಚಕ್ಕರ್ ಹೊಡೆದಿದ್ದ. ಜಾಮೀನು ರದ್ದಾಗಿ ವಾರಂಟ್ ಹೊರಟಿತ್ತು. ಕೋರ್ಟಿಗೆ ಬಾರದೆ ತಲೆಮರೆಸಿಕೊಂಡದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯ 269ನೇ ಕಲಮಿನಡಿ ಬೇರೆಯೇ ಪ್ರಕರಣ ದಾಖಲಿಸಬೇಕಿತ್ತು.

“ಜಾಮೀನು ನಿಂತವರು ಯಾರು?”

“ಸೋದರಮಾವ, ಬೊಮ್ಮು ಗೌಡ. ಗದ್ದೆಯ ಪಹಣಿ ಕೊಟ್ಟಿದ್ದಾರೆ. ಶುಕ್ರವಾರದೊಳಗೆ ಆರೋಪಿ ಹಾಜರಾಗದಿದ್ದರೆ ಮುಚ್ಚಳಿಕೆ ಮುಟ್ಟುಗೋಲು. ಗದ್ದೆ ಜಪ್ತಿಗೆ ಬರ್ತದೆ.”

ಸುಗಂಧಾ ಎಫ್‌ಐಆರ್ ದಾಖಲಿಸಿದರು. ಓಡಿಹೋದವರು ಎಲ್ಲಿ ಹೋದರೂ ಊಟಕ್ಕೆ ಸಂಬಂಧಿಕರ ಮನೆಗೇ ಬರುತ್ತಾರೆಂಬುದು ಅವರ ಅನುಭವ. ಯೋಗೇಶನ ಅಕ್ಕ ಕಾಮಿ ಸದಾಶಿವಗಡದಲ್ಲಿ ಚಹಾದಂಗಡಿ ಇಟ್ಟಿದ್ದಳು. ಸಂಜೆ ಹೆಡ್ ಕಾನ್‌ಸ್ಟೇಬಲ್ ದೇವಿದಾಸ ಕಾಳಿ ಸೇತುವೆ ದಾಟಿ ಅಲ್ಲಿಗೆ ಹೋದ. ಯೋಗೇಶ ಅಲ್ಲೇ ಗ್ಲಾಸು ತೊಳೆಯುತ್ತಿದ್ದ. ದೇವಿದಾಸ ಅವನ ಮಣಿಕಟ್ಟು ಹಿಡಿದೂ ಆಗಿತ್ತು. ಸೋಪಿನ ಕೈ ಜಾರಿತು. ಯೋಗೇಶ ಹಿಂದಿನ ಗೋಡೆ ಹಾರಿ ಮಾಯವಾದ. ದೇವಿದಾಸ ತರಚಿದ ಮೊಣಕೈ ಹೊತ್ತುಕೊಂಡು ಠಾಣೆಗೆ ಬಂದ. ಹಿಡಿದ ಪೊಲೀಸರ ಕೈಯಿಂದ ತಪ್ಪಿಸಿಕೊಂಡದ್ದಕ್ಕೆ 262ನೇ ಕಲಂ ಕೂಡ ಸೇರಿತು.

“ಗೋವಾಕ್ಕೇ ಹೋಗಿರ್ತಾನೆ ಮೇಡಂ. ರಸ್ತೆ ಬಾಗಿಲಲ್ಲೇ ಅದೆ.”

“ಗೋವಾಕ್ಕೆ ಹೋಗುವವನು ಇಷ್ಟು ದಿನ ಇಲ್ಲಿ ಗ್ಲಾಸು ತೊಳೀತಾ ಕೂತಿರ್ತಿದ್ನಾ? ಅವನಿಗೆ ಇಲ್ಲೇ ಏನೋ ಕೆಲಸ ಉಂಟು. ನಡಿ, ನಾಳೆ ಮಾವನನ್ನ ಕೇಳುವ.”

ಮಂಜಗುಣಿಯಲ್ಲಿ ಬೊಮ್ಮು ಗೌಡ ಮೊಳಕೆಗೆಂದು, ಉಪ್ಪುನೆಲದಲ್ಲೂ ಬೆಳೆಯುವ ಕಗ್ಗ ಭತ್ತ ನೆನೆಹಾಕುತ್ತಿದ್ದ.

“ಯೋಗೇಶ ಎಲ್ಲಿದ್ದಾನೆ, ಗೌಡ್ರೇ?”

“ನಂಗೆ ಗೊತ್ತಿಲ್ರಾ.”

“ಶುಕ್ರವಾರ ನಿಮ್ಮ ಗದ್ದೆ ಹೋಗ್ತದೆ.”

“ಹೋದ್ರೆ ಹೋಗ್ಲಿ. ಅಕ್ಕನ ಮಗನ್ನ ನಾ ಹಿಡ್ಕೊಡೂದಿಲ್ಲ.” ಹಾಗೆಂದವನ ಕಣ್ಣು ಮಾತ್ರ ಗದ್ದೆಯ ಕಡೆಗೇ ಇತ್ತು. ಇದ್ದದ್ದು ಅದೊಂದೇ ಗದ್ದೆ. ಸುಗಂಧಾಗೆ ಅವನ ಮೇಲೆ ಸಿಟ್ಟೂ ಬಂತು, ಗೌರವವೂ ಬಂತು.

ಗಂಗಾವಳಿಯ ಅಳಿವೆಯ ಪಕ್ಕದ ಈ ಗದ್ದೆಬಯಲಿಗೆ ಗಜನಿ ಎನ್ನುತ್ತಾರೆ. ಉಪ್ಪುನೀರು ನುಗ್ಗದಂತೆ ಸುತ್ತ ಮಣ್ಣಿನ ಕಟ್ಟೆ. ಮಳೆಗೆ ಮುಂಚೆ ಒಂದೊಂದು ಮನೆಯವರು ತಮ್ಮ ಪಾಲಿನ ಕಟ್ಟೆ ಗಟ್ಟಿಮಾಡಬೇಕು. ಒಬ್ಬರ ಪಾಲಿಗೆ ಇನ್ನೊಬ್ಬರು ಕರೆಯದೆ ಕೈ ಹಾಕುವುದಿಲ್ಲ. ಹಾಕಿದರೆ ಆ ಮನೆಯಲ್ಲಿ ಗಂಡಾಳಿಲ್ಲವೆಂದು ಸಾರಿದಂತೆ.

ಸುಗಂಧಾ ಕಟ್ಟೆಯ ಮೇಲೆ ನಡೆದರು. ಬೊಮ್ಮುವಿನ ಪಾಲಿನ ಕೆಲಸ ಮುಗಿದು ಮಣ್ಣು ಒಣಗಿತ್ತು. ಅದರಾಚೆ ಯೋಗೇಶನ ತಾಯಿ ಹೊನ್ನಮ್ಮನ ಪಾಲು. ಅರ್ಧ ಹಳೆಯದು, ಬಿರುಕು ಬಿಟ್ಟಿತ್ತು. ಇನ್ನರ್ಧಕ್ಕೆ ಹಸಿ ಮಣ್ಣಿನ ಹೊಸ ಹೆಂಟೆ ಪೇರಿಸಿದ್ದರು. ಒಂದೊಂದು ಹೆಂಟೆಯೂ ಗಟ್ಟಿಗನೊಬ್ಬ ಎತ್ತಬೇಕಾದಷ್ಟು ದೊಡ್ಡದು.

“ಇದು ಯಾರು ಕಟ್ಟಿದ್ದು, ಅಮ್ಮಾ?” ಕಟ್ಟೆಯ ಬುಡದಲ್ಲಿ ಕೂತಿದ್ದ ಹೊನ್ನಮ್ಮನನ್ನು ಕೇಳಿದರು.

“ನಾನೇಯ.”

“ಮಂಡಿ ಹಿಡ್ಕೊಂಡು ಎದ್ದು ನಿಲ್ಲೋಕೇ ನಿಮಗೆ ಆಗ್ತಿಲ್ಲ.”

ಹೊನ್ನಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸುಗಂಧಾ ಕಟ್ಟೆ ನೋಡುತ್ತ ಲೆಕ್ಕ ಹಾಕಿದರು. ಅರ್ಧ ಕೆಲಸ ಬಾಕಿ ಇತ್ತು. ಅಮಾವಾಸ್ಯೆಯ ಉಬ್ಬರ ಜೋರು, ನೀರು ಇಳಿದು ಕೆಲಸಕ್ಕೆ ಅನುವಾಗುವುದು ಬೆಳಗಿನ ಜಾವ. ಬಾಕಿ ಮುಗಿಸಲು ಅವನು ಬಂದೇ ಬರುತ್ತಾನೆ.

ಬುಧವಾರ ಬೆಳಗಿನ ಜಾವ ಹೊಂಚು ಹಾಕಿ ಕಾದರೂ ಯಾರೂ ಬರಲಿಲ್ಲ. ದೇವಿದಾಸನಿಗೆ ಸೊಳ್ಳೆ ಕಡಿದದ್ದಷ್ಟೇ ಲಾಭ. ಗುರುವಾರ ಬೆಳಕು ಹರಿಯುವಾಗ ಅಳಿವೆಯಂಚಿನ ಕೆಸರಲ್ಲಿ ಬೆಳೆದ ಕಾಂಡ್ಲಾ ಗಿಡಗಳ ಸಂದಿನಿಂದ ನೋಡಿದರೆ, ಆಗಲೇ ಕಟ್ಟೆಯ ಕೊನೆಯ ತೂತು ಮುಚ್ಚುತ್ತ ಯೋಗೇಶ ನಿಂತಿದ್ದ. ಮೈಯೆಲ್ಲ ಕೆಸರು. ಅವನು ಬಂದ ದೋಣಿ ಹಿಂದೆ, ಹೊಸ ಕಟ್ಟೆಯ ಆಚೆ ತುದಿಯಲ್ಲಿತ್ತು.

“ಯೋಗೇಶ, ಸಲಿಕೆ ಕೆಳಗಿಡು” ಎಂದರು ಸುಗಂಧಾ, ಬೊಮ್ಮುವಿನ ಪಾಲಿನ ಕಡೆಯಿಂದ.

ಅವನು ತಿರುಗಿ ದೋಣಿಯ ಕಡೆ ಒಂದು ಹೆಜ್ಜೆ ಇಟ್ಟ. ಹಸಿ ಮಣ್ಣು ಕಾಲಡಿ ಜರಿಯಿತು. ಅವನು ಕಾಲು ಹಿಂದೆಳೆದ. ಅಷ್ಟರಲ್ಲಿ ಈ ಸಲ ಬಿಡುವುದಿಲ್ಲವೆಂದು ದೇವಿದಾಸ ಗಿಡದ ಮರೆಯಿಂದ ನೆಗೆದ.

“ತುಳೀಬೇಡ್ರಾ! ಕುಸೀತದೆ!” ಎಂದು ಯೋಗೇಶ ಕೂಗಿದ. “ನಾನೇ ಬತ್ತೆ. ಅಲ್ಲೇ ನಿಲ್ರಾ.”

ಜರಿದ ಕಡೆ ಒಂದು ಹೆಂಟೆ ಇಟ್ಟು, ಅಂಗೈಯಿಂದ ತಟ್ಟಿ, ಅವನಾಗಿಯೇ ನಡೆದು ಬಂದು ಎರಡೂ ಕೈ ಚಾಚಿದ. ಇಬ್ಬರು ಪಂಚರ ಎದುರು ಪಂಚನಾಮೆ ಆಯಿತು.

“ಯಾಕೆ ಓಡಿದೆ?” ಜೀಪಿನಲ್ಲಿ ಸುಗಂಧಾ ಕೇಳಿದರು.

“ಹೋದ ವರ್ಷ ಈ ಕಾಲಕ್ಕೆ ನಾ ಕಾರವಾರ ಜೈಲಲ್ಲಿದ್ದೆ. ನಮ್ಮ ಪಾಲೇ ಒಡೀತು. ಗಜನಿಗೆಲ್ಲಾ ಉಪ್ಪುನೀರು ನುಗ್ಗಿ ಎಲ್ರ ಮೊಳಕೆನೂ ಸತ್ತೋಯ್ತು. ಯಾರೂ ಅವ್ವಂಗೆ ಒಂದು ಮಾತು ಅನ್ನಲಿಲ್ಲ. ಅದೇ ತಡ್ಕಳ್ಳೂಕೆ ಆಗೂದಿಲ್ಲ. ಕೋರ್ಟಿಗೆ ಹೋದ್ರೆ ಮತ್ತೆ ಒಳಗ್ ಹಾಕ್ತ್ರು ಅಂದ್ಕಂಡೆ.”

“ಹಾಜರಾಗಿ, ಕಟ್ಟೆ ಕೆಲಸ ಉಂಟು ಅಂತ ವಕೀಲರ ಹತ್ರ ಅರ್ಜಿ ಹಾಕಿಸಿದ್ರೆ ಬೇರೆ ತಾರೀಖು ಸಿಗ್ತಿತ್ತು.”

“ಕಟ್ಟೆಗೆಲ್ಲಾ ಕೋರ್ಟು ತಾರೀಖು ಕೊಡ್ತದೇನ್ರಾ?”

“ಕೇಳಿದ್ಯಾ?”

“ಇಲ್ಲ.”

“ನೀನು ಬರದಿದ್ರೆ ನಾಳೆ ನಿನ್ನ ಮಾವನ ಗದ್ದೆ ಜಪ್ತಿ ಆಗ್ತಿತ್ತು. ಅದಾದ್ರೂ ಗೊತ್ತುಂಟಾ?”

ಅವನಿಗೆ ಗೊತ್ತಿರಲಿಲ್ಲ. ಆ ಕಟ್ಟೆ ಒಡೆದರೆ ಮೊದಲು ಮುಳುಗುವುದೇ ಆ ಗದ್ದೆ. ಯಾವುದನ್ನು ಉಳಿಸಲು ಓಡಿದ್ದನೋ ಅದನ್ನೇ ಕಳೆಯಹೊರಟಿದ್ದ. ಅಂಕೋಲಾ ಮುಟ್ಟುವವರೆಗೂ ಅವನು ಕೆಸರುಗೈಯಲ್ಲೇ ಮುಖ ಮುಚ್ಚಿಕೊಂಡು ಅತ್ತ.

ಮಧ್ಯಾಹ್ನ ನ್ಯಾಯಾಧೀಶರು ಅವನನ್ನು ಕಾರವಾರ ಜೈಲಿಗೆ ಕಳಿಸಿದರು. ತಪ್ಪಿಸಿಕೊಂಡದ್ದಕ್ಕೆ ಬಿದ್ದ ಎರಡು ಕಲಮುಗಳ ವಿಚಾರಣೆ ಹಳೆಯ ಪ್ರಕರಣದಿಂದ ಬೇರೆಯಾಗಿ ನಡೆಯಲಿತ್ತು. ಗಡುವಿನೊಳಗೆ ಆರೋಪಿ ಸಿಕ್ಕಿದ್ದರಿಂದ ಬೊಮ್ಮುವಿನ ಮೇಲಿನ ನೋಟಿಸು ಕೈಬಿಟ್ಟರು.

“ಇನ್ನೊಮ್ಮೆ ಜಾಮೀನು ನಿಲ್ಲುವ ಮುಂಚೆ ಯೋಚನೆ ಮಾಡಿ” ಎಂದರು ನ್ಯಾಯಾಧೀಶರು.

“ಯೋಚನೆ ಎಂತ ಮಾಡೂದು ಸ್ವಾಮಿ, ಅಕ್ಕನ ಮಗ” ಎಂದ ಬೊಮ್ಮು.

ವ್ಯಾನು ಹತ್ತುವಾಗ ಯೋಗೇಶ ನಿಂತ. ಸುಗಂಧಾ ತಡೆಯಲಿಲ್ಲ.

“ನೀರು ಏರ್ತಾ, ಮಾವಾ?”

“ಏರ್ತು. ನಿನ್ನ ಕಟ್ಟೆ ನಿಂತದೆ.”

ಯೋಗೇಶ ತಲೆತಗ್ಗಿಸಿದ. “ಮಳೆಗಾಲ ಪೂರ್ತಿ ನಾ ಇರೂದಿಲ್ಲ. ನಮ್ಮ ಪಾಲಿಗೆ ನೀ ಕೈ ಹಾಕ್ತ್ಯಾ?”

ಬೊಮ್ಮು ಅವನ ಬೆನ್ನ ಮೇಲೆ ಕೈಯಿಟ್ಟ. “ಹೋದ ವರ್ಷನೂ ಸಲಿಕೆ ಹಿಡ್ಕಂಡು ಅಲ್ಲೇ ನಿಂತಿದ್ದೆ, ತಮಾ. ನೀವು ಯಾರೂ ಕರೀಲಿಲ್ಲ.”