ಗುಡ್ಡಿ ಶಾಲಿ

ಸೋಮವಾರ ಬೆಳಿಗ್ಗೆ ಕುಂದಾಪುರ ಠಾಣೆಗೆ ಆ ದೂರು ಬಂದಾಗ ಇನ್ಸ್‌ಪೆಕ್ಟರ್ ಯತೀಶ್ ಹೆದ್ದಾರಿ ಅಪಘಾತವೊಂದರ ಮಹಜರು ಮುಗಿಸಿ ಆಗಷ್ಟೇ ಕುರ್ಚಿಗೆ ಒರಗಿದ್ದರು. ಇಷ್ಟು ವರ್ಷದ ಸರ್ವೀಸಿನಲ್ಲಿ ಅವರು ಕಳೆದುಕೊಂಡದ್ದು ಮೊದಲು ನಿದ್ದೆ, ಆಮೇಲೆ ಬೆನ್ನು. ಎರಡರ ಬಗ್ಗೆಯೂ ಯಾವ ಠಾಣೆಯೂ ದೂರು ತೆಗೆದುಕೊಳ್ಳುವುದಿಲ್ಲ.

ದೂರು ತಂದವಳು ಸಿದ್ದಾಪುರದ ರಮಿತಾ. ಎಂಎಸ್ಸಿ ಮುಗಿಸಿದ್ದಳು, ಓದಿದ ವಿಶ್ವವಿದ್ಯಾಲಯದಲ್ಲೇ ಪಿಎಚ್‌ಡಿ ಸೀಟು ಸಿಕ್ಕಿತ್ತು. ಶುಕ್ರವಾರ ಮಧ್ಯಾಹ್ನ ಯಾರೋ ಅವಳ ಲಾಗಿನ್‌ನಿಂದ ಒಳಹೊಕ್ಕು, ‘ಸೀಟು ಬೇಡ’ ಎಂಬಲ್ಲಿ ಒತ್ತಿಬಿಟ್ಟಿದ್ದರು.

“ಪಾಸ್‌ವರ್ಡ್ ಯಾರಿಗ್ ಗೊತ್ತಿತ್ತ್?”

“ಯಾರಿಗೂ ಇಲ್ಲೆ ಸರ್. ಜೂನ್ ತಿಂಗ್ಳಗೆ ಬದಲ್ಸಿದ್ದೆ.”

“ಯೂನಿವರ್ಸಿಟಿಯರ್ ಎಂತ ಹೇಳ್ರ್?”

“ಬೇರೆಯರ್ ಒತ್ತದ್ದ್ ಅಂದ್ ಪೊಲೀಸರ್ ಬರ್ದ್ ಕೊಟ್ರೆ ಸೀಟ್ ವಾಪಾಸ್ ಕೊಡ್ತ್ರಂಬ್ರ್. ಶನಿವಾರದೊಳ್ಗೆ. ಇಲ್ದಿರೆ ಮುಂದಿನವ್ರಿಗೆ ಹೋತ್ತ್.” ಅವಳು ದೂರಿನ ಹಾಳೆಯನ್ನು ಮೇಜಿನ ಮೇಲೆ ಮುಂದಕ್ಕೆ ತಳ್ಳಿದಳು. “ಸಿಕ್ಕುತ್ತಾ ಸರ್?”

“ಕಾಂಬ.”

ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಡಿ, ಗುರುತು ಕಳವು ಎಂದು ಎಫ್‌ಐಆರ್ ದಾಖಲಾಯಿತು. ಹೆಡ್ ಕಾನ್‌ಸ್ಟೇಬಲ್ ಅಣ್ಣಯ್ಯ ಅದನ್ನು ಎರಡು ಸಲ ಓದಿದರು. “ಮೊದ್ಲೆಲ್ಲಾ ಕೋಳಿ ಕದಿತಿದ್ರ್ ಸರ್. ಈಗ ಗುರ್ತೂ ಕದಿತ್ರಲೆ.”

ಸೀಟು ತಪ್ಪಿದರೆ ಲಾಭ ಯಾರಿಗೆ? ಕಾಯುತ್ತಿದ್ದ ಮುಂದಿನ ಹೆಸರು ಬೈಂದೂರಿನ ಕೀರ್ತನ್‌ನದು. ಮಂಗಳವಾರ ಯತೀಶ್ ಅವನು ಪಾಠ ಮಾಡುವ ಶಾಲೆಗೇ ಹೋದರು.

“ಶುಕ್ರವಾರ ಮಧ್ಯಾಹ್ನ ಎಲ್ಲಿದ್ದೆ?”

“ಇಲ್ಲೇ ಸರ್, ಮಕ್ಕಳಿಗೆ ಪರೀಕ್ಷೆ ಇದ್ದಿತ್ತ್. ಫೋನ್ ಆಫೀಸಿನ ಕಪಾಟಗೆ. ಇಲ್ಲಿ ಹಾಂಗೇ ರೂಲ್ಸ್.”

ಮುಖ್ಯೋಪಾಧ್ಯಾಯರು ಹೌದೆಂದರು. ಜೀಪು ಹತ್ತುವಾಗ ಕೀರ್ತನ್ ಗೇಟಿನವರೆಗೂ ಬಂದ. “ಸರ್, ಸೀಟ್ ನಂಗ್ ಬತ್ತ್ ಅಂದ್ ಹೇಳುಕೆ ಬಂದದ್ದಾ, ಬತ್ತಿಲ್ಲ ಅಂದ್ ಹೇಳುಕೆ ಬಂದದ್ದಾ?” ಬೈಂದೂರಿನಿಂದ ಕುಂದಾಪುರದವರೆಗೂ ಆ ಪ್ರಶ್ನೆ ಜೀಪಿನಲ್ಲೇ ಬಂತು.

ಬುಧವಾರ ಮೊಬೈಲ್ ಕಂಪನಿ ಕೈಚೆಲ್ಲಿತು. ಆ ಹೊತ್ತಿಗೆ ಆ ಒಂದೇ ಐಪಿ ವಿಳಾಸದಲ್ಲಿ ಸಾವಿರಾರು ಫೋನುಗಳಿದ್ದವಂತೆ. ಆದರೆ ಸಂಜೆಗೆ ವಿಶ್ವವಿದ್ಯಾಲಯದ ಕಂಪ್ಯೂಟರ್ ಕೇಂದ್ರದಿಂದ ಮಾಹಿತಿ ಬಂತು. ಪಾಸ್‌ವರ್ಡನ್ನು ಯಾರೂ ಕದ್ದಿರಲಿಲ್ಲ. ‘ಮರೆತಿದ್ದೇನೆ’ ಎಂದು ಒತ್ತಿ, ಭದ್ರತಾ ಪ್ರಶ್ನೆಗೆ ಉತ್ತರ ಕೊಟ್ಟು ಹೊಸದು ಮಾಡಿಕೊಂಡಿದ್ದರು. ಪ್ರಶ್ನೆ: ನೀವು ಮೊದಲು ಹೋದ ಶಾಲೆ ಯಾವುದು? ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಉತ್ತರವನ್ನು ಬ್ರಹ್ಮಾವರದಲ್ಲೇ ಹುಟ್ಟಿ ಬೆಳೆದ ಯತೀಶ್ ಬಾಯಿಬಿಟ್ಟು ಓದಿದರು: ಗುಡ್ಡಿ ಶಾಲಿ.

ಗುಡ್ಡೆ ಅಲ್ಲ, ಗುಡ್ಡಿ. ಶಾಲೆ ಅಲ್ಲ, ಶಾಲಿ. ಒಂದಕ್ಷರ ಹೆಚ್ಚುಕಮ್ಮಿಯಾದರೂ ಆ ಯಂತ್ರ ಬಾಗಿಲು ತೆರೆಯುವುದಿಲ್ಲ. ಒಳಹೋದವರು ಮಾತ್ರ ಮೊದಲ ಸಲಕ್ಕೇ ಸರಿಯಾಗಿ ಬರೆದಿದ್ದರು. ಬಾಯಲ್ಲಿ ಬರುವ ಹಾಗೆಯೇ ಬರೆದಿದ್ದರು.

ಗುರುವಾರ ಬೆಳಿಗ್ಗೆ ರಮಿತಾಳನ್ನು ಕರೆಸಿದರು.

“ಗುಡ್ಡಿ ಶಾಲಿ ಅಂದ್ರೆ ಯಾವ್ದ್?”

“ಕೆರಾಡಿಯಗೆ, ಅಜ್ಜಿ ಮನಿ ಹತ್ರ. ಒಂದೇ ಕೋಣಿ, ಈಗ ಮುಚ್ಚಿತ್ತ್. ಒಂದ್ನೇ ಕ್ಲಾಸ್ ಮಾತ್ರ ನಾ ಅಲ್ಲಿಗ್ ಹೋದ್ದ್. ಮತ್ತೆಲ್ಲಾ ಸಿದ್ದಾಪುರವೇ.”

“ಕಾಗದಪತ್ರದಗೆ ಎಲ್ಲೂ ಇಲ್ಲೆ. ಹಾಂಗಾರೆ ಯಾರಿಗ್ ಗೊತ್ತ್?”

“ಯಾರಿಗೂ ಇಲ್ಲೆ ಸರ್. ನಾನು, ಮತ್ತೆ ನನ್ ಒಟ್ಟಿಗೆ ಬಂದ್ ಬೆಂಚಗೆ ಕೂಕಂತಿದ್ದ...”

ಮಾತು ಅಲ್ಲಿಗೇ ನಿಂತಿತು. ಕಳ್ಳನನ್ನು ಹಿಡಿದ ಸಂತೋಷ ಯತೀಶರಿಗೆ ಒಂದು ಚೂರೂ ಆಗಲಿಲ್ಲ.

“ದೂರ್ ವಾಪಾಸ್ ತಕಂತೆ ಸರ್.”

“ತಕೋ. ಸೀಟ್?”

ದೂರು ವಾಪಸಿನ ಅರ್ಜಿಯನ್ನು ಅವಳು ಬರೆಯಲಿಲ್ಲ.

ಮಧ್ಯಾಹ್ನ ಮೂರಕ್ಕೆ ಮಹಿಳಾ ಕಾನ್‌ಸ್ಟೇಬಲ್ ಗಿರಿಜಾ ಜೊತೆ ಸಿದ್ದಾಪುರ ತಲುಪಿದರು. ಜೀಪಿನ ಹಿಂದಿನ ಸೀಟಿನಲ್ಲಿ ರಮಿತಾ ಇದ್ದಳು. ಬಸ್ ನಿಲ್ದಾಣದ ಬದಿಯ ಕ್ಯಾಂಟೀನಿನಲ್ಲಿ ತಾಯಿ ಚಂದ್ರಾವತಿ ಗಲ್ಲಾದ ಹತ್ತಿರ, ತಂಗಿ ಸುರಕ್ಷಾ ಗೋಳಿಬಜೆ ಬಾಣಲೆಯ ಮುಂದೆ. ಖಾಕಿ ಕಂಡವಳೇ ಸುರಕ್ಷಾ ಗ್ಯಾಸ್ ಆರಿಸಿದಳು. ಕೇಳುವ ಮೊದಲೇ ಫೋನ್ ತೆಗೆದುಕೊಟ್ಟಳು. ಎಲ್ಲವೂ ಅದರಲ್ಲೇ ಇತ್ತು. ಅಳಿಸುವ ಗೋಜಿಗೂ ಹೋಗಿರಲಿಲ್ಲ. ಪಂಚರ ಮುಂದೆ ಪಂಚನಾಮೆ ಆಯಿತು.

“ಎಂತಕ್ ಒಳಗ್ ಹೋದ್ದ್?”

“ಓದುಕೆ.”

“ಎಂತ?”

“ಪಿಯುಸಿ ಆದ್ ಮೇಲೆ ಇಬ್ರನ್ನೂ ಓದ್ಸುಕೆ ಆತಿಲ್ಲ ಅಂದ್ ಅಮ್ಮ ಹೇಳ್ತ್. ಅಕ್ಕ ಮೊದ್ಲ್, ಅದ್ರದ್ದ್ ಮುಗ್ದ್ ಮೇಲೆ ನಾನ್. ಅಲ್ಲಿವರಿಗೆ ಕಾಣ್ ಅಂದ್ ಅಕ್ಕನೇ ಲಾಗಿನ್ ಕೊಟ್ಟದ್ದ್. ಪಾಠದ ವಿಡಿಯೋ, ಲೈಬ್ರರಿ ಪುಸ್ತಕ, ಅವ್ರ್ ಕಂಪ್ಯೂಟರಗೆ ಪ್ರೋಗ್ರಾಮ್ ಮಾಡುದ್, ಎಲ್ಲಾ ಇಲ್ಲೇ ಕೂಕಂಡ್ ಕಲ್ತೆ. ಜೂನಗೆ ಪಾಸ್‌ವರ್ಡ್ ಬದಲ್ಸ್ತ್, ಎಲ್ಲಾ ಬಂದ್ ಆಯ್ತ್.”

“ಬೇರೆಯರಿಗ್ ಕೊಡುಕಾಗ ಅಂದ್ ರೂಲ್ಸ್ ಬಂದಿತ್ತ್,” ಎಂದಳು ರಮಿತಾ.

“ರೂಲ್ಸ್ ಬಂದಿತ್ತ್ ಅಂದಾರೂ ಹೇಳ್ಲಕ್ಕಿತ್ತಲೆ.” ಸುರಕ್ಷಾ ಅಕ್ಕನ ಕಡೆ ನೋಡಲಿಲ್ಲ. “ಓದುಕೇ ಹೋದ್ದ್ ಸರ್. ಹೋರೆ ಅಲ್ಲಿ ಅಕ್ಕನ ಸೀಟಿನ ಕಾಗ್ದ ಕಂಡ್ತ್. ನಾನ್ ಇನ್ನೂ ನಾಲ್ಕ್ ವರ್ಷ ಕಾಯ್ಕ್. ಮನಿಯಗೆ ಒಂದ್ ಮಾತೂ ಇಲ್ಲೆ. ‘ಬೇಡ’ ಅಂದ್ ಒಂದಿತ್ತ್. ಒತ್ತ್ದೆ.”

ಚಂದ್ರಾವತಿ ಇಬ್ಬರು ಹೆಣ್ಣುಮಕ್ಕಳನ್ನೂ ಬದಲಿಸಿ ಬದಲಿಸಿ ನೋಡಿದರು. ಯಾರ ಪರ ಅಳಬೇಕೆಂದೇ ಆ ತಾಯಿಗೆ ತಿಳಿಯಲಿಲ್ಲ.

“ಸರ್,” ರಮಿತಾ ಮುಂದೆ ಬಂದಳು. “ನಾನೇ ತಪ್ಪಿ ಒತ್ತದ್ದ್ ಅಂದ್ ಬರ್ಕಣಿ. ನಂಗ್ ಸೀಟ್ ಬ್ಯಾಡ.”

“ಬ್ಯಾಡ ಸರ್,” ಸುರಕ್ಷಾಳ ದನಿ ಈಗ ಒಡೆಯಿತು. “ನನ್ ಹೆಸ್ರೇ ಬರ್ಕಣಿ. ತಂಗಿಗಾಯಿ ಸೀಟ್ ಬಿಟ್ಟ್‌ತ್ ಅಂದ್ ಊರೆಲ್ಲಾ ಹೊಗಳುದನ್ನ ಜೀವಮಾನ ಇಡೀ ನಾ ಕೇಂತಾ ಕೂಕಣ್ಕಾ? ಕಾದದ್ದ್ ನಾನ್, ಹೆಸ್ರ್ ಅಕ್ಕನದ್ದಾ?”

ಯತೀಶರಿಗೆ ಇಬ್ಬರ ಮೇಲೂ ಸಿಟ್ಟು ಬಂತು, ಇಬ್ಬರ ಮೇಲೂ ಕನಿಕರ ಬಂತು. ಹೇಳಿಕೆಯನ್ನು ಅವಳು ಹೇಳಿದ ಹಾಗೆಯೇ ಬರೆದುಕೊಂಡರು. ನಾಲ್ಕು ಇಪ್ಪತ್ತಕ್ಕೆ ಸುರಕ್ಷಾಳನ್ನು ಬಂಧಿಸಲಾಯಿತು.

ಜಾಮೀನು ಸಿಗುವ ಅಪರಾಧ, ಹಾಗಾಗಿ ಠಾಣೆಯಲ್ಲೇ ಬಿಡಬಹುದಿತ್ತು. ಜಾಮೀನಿಗೆ ಸಹಿ ಹಾಕಲು ಬಂದವಳು ರಮಿತಾ. “ದೂರ್ ಕೊಟ್ಟವ್ರೇ ಜಾಮೀನ್ ಕೊಡುದಾ?” ಎಂದು ಅಣ್ಣಯ್ಯ ಪೆನ್ನು ಹಿಡಿದೇ ಕೂತರು. ಆಮೇಲೆ, ಆರೋಪಿಗೆ ನೀವು ಏನಾಗಬೇಕು ಎಂದು ಕೇಳಿದರು. “ಅಕ್ಕ,” ಎಂದಳು ಅವಳು. ಸುರಕ್ಷಾ ಗೋಡೆ ನೋಡುತ್ತಾ ನಿಂತಿದ್ದಳು.

ಇಬ್ಬರೂ ಸಿದ್ದಾಪುರದ ಬಸ್ಸಿಗೆಂದು ಹೊರಟ ಮೇಲೆ ಯತೀಶ್ ವಿಶ್ವವಿದ್ಯಾಲಯಕ್ಕೆ ಪತ್ರ ಬರೆಯಲು ಕೂತರು. ಶನಿವಾರಕ್ಕೆ ಇನ್ನೂ ಒಂದು ದಿನವಿತ್ತು. ಚಹಾ ಆರಿತ್ತು.

“ಎಂತಕ್ ಮಾಡದ್ದ್ ಅಂದ್ ಹಾಕುದ್ ಸರ್? ದ್ವೇಷ ಅಂದ್ಲಾ?” ಅಣ್ಣಯ್ಯ ಕೇಸ್ ಡೈರಿ ತೆರೆದು ಕೇಳಿದರು.

ಬಾಗಿಲ ಬಳಿ ನಿಂತಿದ್ದ ಗಿರಿಜಾ ಮೆಲ್ಲಗೆ ಹೇಳಿದಳು:

“ಜೀಪಗೆ ಬಪ್ಪತಿಗೆ ಸುರಕ್ಷಾ ಒಂದೇ ಮಾತ್ ಕೇಂಡದ್ದ್ ಸರ್. ಕೇಸ್ ಇದ್ರೆ ಕಾಲೇಜಿಗೆ ಸೇರ್ಸ್ಕಂತ್ರಾ ಅಂದ್.”